ಹೆಸರು ಅಥೆನ್ಸಿನದು, ಚೌಕಟ್ಟು ರೋಮಿನದು

ಅಥೆನ್ಸಿನ ಹಳೆಯ ಸಂತೆ ಬಯಲಿಗೆ ಅಗೋರಾ ಅಂತ ಹೆಸರು. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಮುರಿದ ಕಲ್ಲಿನ ಹಲಗೆ ಇದೆ. ಮೇಲ್ನೋಟಕ್ಕೆ ಏನೂ ವಿಶೇಷ ಕಾಣುವುದಿಲ್ಲ. ಮೈತುಂಬ ಸಾಲು ಸಾಲಾಗಿ ಸಣ್ಣ ಸೀಳುಗಳು, ಅಷ್ಟೇ. ಆದರೆ ಪ್ರಜಾಪ್ರಭುತ್ವಕ್ಕೆ ಮೊದಲು ಹೆಸರಿಟ್ಟ ಜನ ಆ ಹೆಸರಿಗೆ ಏನು ಅರ್ಥ ಕೊಟ್ಟಿದ್ದರು ಅಂತ ತಿಳಿಯಬೇಕಾದರೆ ಈ ಕಲ್ಲಿನಿಂದಲೇ ಶುರು ಮಾಡಬೇಕು. ಇದನ್ನು ಕ್ಲೆರೊಟೇರಿಯನ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಚೀಟಿ ಎತ್ತುವ ಯಂತ್ರ.

ಅದು ಕೆಲಸ ಮಾಡುತ್ತಿದ್ದದ್ದು ಹೀಗೆ. ನ್ಯಾಯ ತೀರ್ಮಾನಕ್ಕೆ ಕೂರುವ ನಾಗರಿಕರ ಹತ್ತಿರ ಒಂದೊಂದು ಪುಟ್ಟ ತಗಡು ಇರುತ್ತಿತ್ತು. ಅದರ ಮೇಲೆ ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. ಬೆಳಿಗ್ಗೆ ಬಂದವರ ತಗಡುಗಳನ್ನೆಲ್ಲ ಸೀಳುಗಳಲ್ಲಿ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಗೆ ಕಪ್ಪು ಬಿಳಿ ಗುಂಡುಗಳನ್ನು ಕಲಸಿ ಸುರಿಯುತ್ತಿದ್ದರು. ಒಂದೊಂದು ಸಾಲಿಗೆ ಒಂದೊಂದು ಗುಂಡು ಕೆಳಗೆ ಬರುತ್ತದೆ. ಬಿಳಿ ಬಂದರೆ ಆ ಸಾಲಿನವರೆಲ್ಲ ಇವತ್ತು ನ್ಯಾಯಾಧೀಶರು. ಕಪ್ಪು ಬಂದರೆ ಮನೆಗೆ. ಯಾವ ಮೊಕದ್ದಮೆಗೆ ಯಾರು ಕೂರುತ್ತಾರೆ ಅಂತ ಆ ಗಳಿಗೆವರೆಗೂ ಯಾರಿಗೂ ಗೊತ್ತಿರುತ್ತಿರಲಿಲ್ಲ, ಹಾಗಾಗಿ ಹಿಂದಿನ ರಾತ್ರಿ ಅವರ ಮನೆ ಬಾಗಿಲು ತಟ್ಟಿ ದುಡ್ಡು ಕೊಟ್ಟು ಬರೋಣ ಅಂದರೂ ಯಾರ ಮನೆ ಬಾಗಿಲು ತಟ್ಟಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಇಂಥ ಕಂಚಿನ ತಗಡುಗಳು ಎಷ್ಟೋ ಸಮಾಧಿಗಳಲ್ಲಿ ಸಿಕ್ಕಿವೆ. ಸತ್ತವರ ಜೊತೆ ಇಟ್ಟು ಹೂಳುವಷ್ಟು ಅದು ಆ ಜನಕ್ಕೆ ಬೆಲೆಯುಳ್ಳ ವಸ್ತುವಾಗಿತ್ತು.

ಪ್ರಜಾಪ್ರಭುತ್ವ ಗ್ರೀಸಿನಲ್ಲಿ ಹುಟ್ಟಿತು, ರೋಮಿನಲ್ಲಿ ಬೆಳೆಯಿತು, ಅಲ್ಲಿಂದ ಜಗತ್ತಿಗೆಲ್ಲ ಬಂತು ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ವಿಷಯ ಅಷ್ಟು ಸಲೀಸಾಗಿಲ್ಲ. ಅಥೆನ್ಸಿನಿಂದ ನಮಗೆ ಬಂದದ್ದು ಮುಖ್ಯವಾಗಿ ಹೆಸರು. ಸರ್ಕಾರದ ಚೌಕಟ್ಟು ಬಂದದ್ದು ಹೆಚ್ಚಾಗಿ ರೋಮಿನಿಂದ. ಅಥೆನ್ಸಿನವರು ಯಾವುದನ್ನು ಪ್ರಜಾಪ್ರಭುತ್ವದ ಜೀವ ಅಂದುಕೊಂಡಿದ್ದರೋ ಅದನ್ನು, ಅಂದರೆ ಚೀಟಿ ಎತ್ತಿ ಅಧಿಕಾರ ಹಂಚುವುದನ್ನು ಮತ್ತು ಅಧಿಕಾರ ಮುಗಿದ ಮೇಲೆ ಜನರೆದುರು ಲೆಕ್ಕ ಒಪ್ಪಿಸುವುದನ್ನು, ನಾವು ಬಹುಪಾಲು ದಾರಿಯಲ್ಲೇ ಬಿಟ್ಟು ಬಂದಿದ್ದೇವೆ. ಅದು ಹೇಗಾಯಿತು ಅಂತ ನೋಡೋಣ.

ಅಥೆನ್ಸಿನ ಕಥೆ ಶುರುವಾಗುವುದು ಸಾಲದಿಂದ. ಕ್ರಿ.ಪೂ. 600ರ ಹೊತ್ತಿಗೆ ಅಲ್ಲಿನ ಬಡ ರೈತರು ಸಾಲ ತೀರಿಸಲಾಗದೆ ಜೀತಕ್ಕೆ ಬೀಳುತ್ತಿದ್ದರು. ಕೆಲವರನ್ನು ಗುಲಾಮರಾಗಿ ಹೊರದೇಶಕ್ಕೆ ಮಾರಿಬಿಟ್ಟಿದ್ದರು. ಕ್ರಿ.ಪೂ. 594ರಲ್ಲಿ ಅಧಿಕಾರಕ್ಕೆ ಬಂದ ಸೊಲೊನ್, ಮನುಷ್ಯನ ಮೈಯನ್ನೇ ಅಡವಿಟ್ಟುಕೊಂಡು ಸಾಲ ಕೊಡುವುದನ್ನು ನಿಲ್ಲಿಸಿಬಿಟ್ಟ. ಇದಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ಹೊರೆ ಕೊಡವಿ ಹಾಕುವುದು'. ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ವೋಟು, ಸಭೆ, ಕಾನೂನು ಎಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಜೀತ ಹೋಗಬೇಕು ಅನ್ನುವ ತೀರ್ಮಾನ. ನಾಳೆ ಯಾರಾದರೂ ನನ್ನನ್ನು ಮಾರಬಹುದು ಅನ್ನುವ ಹೆದರಿಕೆ ಇರುವವನು ಸಭೆಯಲ್ಲಿ ಎದ್ದು ನಿಂತು ಏನು ತಾನೇ ಮಾತಾಡುತ್ತಾನೆ?

ಸುಮಾರು 85 ವರ್ಷ ಆದಮೇಲೆ, ಕ್ರಿ.ಪೂ. 508ರಲ್ಲಿ, ಕ್ಲೈಸ್ಥೆನೀಸ್ ಅನ್ನುವವನು ಬಂದ. ಅವನು ಮಾಡಿದ ಕೆಲಸ ಕೇಳಲು ನೀರಸ. ಊರುಗಳ ಪಟ್ಟಿ ಮಾಡಿ ಗುಂಪು ಕಟ್ಟಿದ. ಆದರೆ ಎಲ್ಲವೂ ಬದಲಾದದ್ದು ಅಲ್ಲೇ. ಅಲ್ಲಿಯವರೆಗೆ ರಾಜಕೀಯ ನಡೆಯುತ್ತಿದ್ದದ್ದು ದೊಡ್ಡ ಮನೆತನಗಳ ಹಿಡಿತದಲ್ಲಿ. ಒಂದೊಂದು ಸೀಮೆ ಒಂದೊಂದು ಮನೆತನದ ಕೈಯಲ್ಲಿತ್ತು. ಕ್ಲೈಸ್ಥೆನೀಸ್ ಇಡೀ ನಾಡಿನ 139 ಊರು-ಬಡಾವಣೆಗಳನ್ನು ಹತ್ತು ಬಣಗಳಾಗಿ ಹಂಚಿದ. ಪ್ರತಿ ಬಣದಲ್ಲೂ ಪಟ್ಟಣದ ಒಂದು ತುಂಡು, ಸಮುದ್ರ ತೀರದ ಒಂದು ತುಂಡು, ಒಳನಾಡಿನ ಒಂದು ತುಂಡು ಇರುವ ಹಾಗೆ ನೋಡಿಕೊಂಡ. ಮೀನು ಹಿಡಿಯುವವನು, ಆಲಿವ್ ಬೆಳೆಯುವವನು, ಪೇಟೆಯಲ್ಲಿ ಮಡಕೆ ಮಾಡುವವನು ಮೂವರೂ ಈಗ ಒಂದೇ ಬಣ. ಯುದ್ಧಕ್ಕೂ ಒಟ್ಟಿಗೆ ಹೋಗಬೇಕು, ಸಭೆಗೂ ಒಟ್ಟಿಗೆ ಬರಬೇಕು. ಮನೆತನದ ಗೌಡಿಕೆ ಮುರಿಯುವುದಕ್ಕೆ ಇದಕ್ಕಿಂತ ಜಾಣ ಉಪಾಯ ನಾನು ಓದಿಲ್ಲ.

ಈ ಹತ್ತು ಬಣಗಳಿಂದ ತಲಾ 50 ಜನರನ್ನು ಚೀಟಿ ಎತ್ತಿ ಆರಿಸಿದರೆ 500 ಜನರ ಮಂಡಳಿ ಆಗುತ್ತಿತ್ತು. ಒಂದು ವರ್ಷದ ಅವಧಿ. ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೂರುವ ಹಾಗಿಲ್ಲ. ವರ್ಷವನ್ನು ಹತ್ತು ಭಾಗ ಮಾಡಿ ಒಂದೊಂದು ಬಣದ 50 ಜನ ಒಂದೊಂದು ಭಾಗ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬನನ್ನು ದಿನಾ ಚೀಟಿ ಎತ್ತಿ ಅಧ್ಯಕ್ಷ ಮಾಡುತ್ತಿದ್ದರು. ಒಂದು ಹಗಲು, ಒಂದು ರಾತ್ರಿ, ಅಷ್ಟೇ ಅವನ ಅಧ್ಯಕ್ಷಗಿರಿ. ಆ ಒಂದು ದಿನ ಬೊಕ್ಕಸದ ಬೀಗದ ಕೈ, ರಾಜ್ಯದ ಮುದ್ರೆ ಎರಡೂ ಅವನ ಹತ್ತಿರ. ಲೆಕ್ಕ ಹಾಕಿ ನೋಡಿ. ಆಗ ಅಥೆನ್ಸಿನ ಗಂಡು ನಾಗರಿಕರು 20ರಿಂದ 30 ಸಾವಿರ ಇದ್ದರು ಅಂತ ಅಂದಾಜು. ವರ್ಷಕ್ಕೆ 500 ಜನ ಅಂದರೆ, ಊರಿನ ಚಮ್ಮಾರನೋ ಕುಂಬಾರನೋ ಒಂದಲ್ಲ ಒಂದು ಸಲ ರಾಜ್ಯದ ಬೊಕ್ಕಸದ ಬೀಗದ ಕೈ ಹಿಡಿದಿರುವ ಸಾಧ್ಯತೆ ಸಣ್ಣದೇನಲ್ಲ.

ಸಾಕ್ರೆಟಿಸನ ಸರದಿ ಕ್ರಿ.ಪೂ. 406ರಲ್ಲಿ ಬಂತು. ಅವನು ಅಧ್ಯಕ್ಷನಾದ ದಿನವೇ ಸಭೆಯಲ್ಲಿ ದೊಡ್ಡ ಗಲಾಟೆ. ಸಮುದ್ರದ ಯುದ್ಧ ಗೆದ್ದು ಬಂದ ಸೇನಾಧಿಪತಿಗಳು ನೀರಿಗೆ ಬಿದ್ದ ತಮ್ಮದೇ ಸೈನಿಕರನ್ನು ಎತ್ತಿಕೊಂಡು ಬರಲಿಲ್ಲ ಅಂತ ಜನ ಸಿಟ್ಟಿಗೆದ್ದಿದ್ದರು. ಎಲ್ಲರನ್ನೂ ಒಟ್ಟಿಗೆ ಒಂದೇ ವೋಟಿನಲ್ಲಿ ಸಾಯಿಸಿಬಿಡಿ ಅಂತ ಕೂಗು. ಒಬ್ಬೊಬ್ಬರನ್ನು ಬೇರೆ ಬೇರೆ ವಿಚಾರಣೆ ಮಾಡಬೇಕು ಅನ್ನುವುದು ಕಾನೂನು. ಸಾಕ್ರೆಟಿಸ್ ಆ ನಿರ್ಣಯವನ್ನು ವೋಟಿಗೆ ಹಾಕಲು ಒಪ್ಪಲಿಲ್ಲ. ಆದರೂ ಅವನ ಮಾತು ನಡೆಯಲಿಲ್ಲ, ಕೊನೆಗೆ ಆರು ಜನ ಸೇನಾಧಿಪತಿಗಳನ್ನು ಕೊಂದರು. ಅಥೆನ್ಸಿನ ಒಳ್ಳೆಯದು ಕೆಟ್ಟದ್ದು ಎರಡೂ ಈ ಒಂದು ಘಟನೆಯಲ್ಲಿವೆ.

ದೊಡ್ಡ ತೀರ್ಮಾನಗಳೆಲ್ಲ ಆಗುತ್ತಿದ್ದದ್ದು ಎಕ್ಲೇಸಿಯಾದಲ್ಲಿ. ಅದು ಎಲ್ಲ ನಾಗರಿಕರ ಸಭೆ. ಪ್ನಿಕ್ಸ್ ಅನ್ನುವ ಗುಡ್ಡದ ಮೇಲೆ ಸೇರುತ್ತಿತ್ತು, ವರ್ಷಕ್ಕೆ ಸುಮಾರು 40 ಸಲ. ಕೆಲವು ವಿಷಯಗಳಿಗೆ 6000 ಜನ ಇರಲೇಬೇಕು. 'ಯಾರು ಮಾತಾಡುತ್ತೀರಿ?' ಅಂತ ಸಾರುವವನು ಕೇಳುತ್ತಿದ್ದ. ಯಾರು ಬೇಕಾದರೂ ಎದ್ದು ಬರಬಹುದಿತ್ತು. ಆಮೇಲೆ ಕೈ ಎತ್ತಿ ವೋಟು. ಸಂತೆಯಲ್ಲಿ ಸುಮ್ನೆ ಹರಟೆ ಹೊಡೆಯುತ್ತ ನಿಂತವರನ್ನು ಕೆಂಪು ಬಣ್ಣ ಅದ್ದಿದ ಹಗ್ಗ ಹಿಡಿದು ಗುಡ್ಡದ ಕಡೆಗೆ ತಳ್ಳುತ್ತಿದ್ದರು. ಬಟ್ಟೆಗೆ ಬಣ್ಣ ಹತ್ತಿದರೆ ತಪ್ಪಿಸಿಕೊಳ್ಳಲು ನೋಡಿದವನು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು.

ಇಲ್ಲಿ ದುಡ್ಡಿನ ಮಾತು ಬರುತ್ತದೆ, ಅದನ್ನು ಬಿಡುವ ಹಾಗಿಲ್ಲ. ದಿನಗೂಲಿ ಮಾಡುವವನು ಒಂದು ದಿನ ಕೋರ್ಟಿನಲ್ಲಿ ಕೂತರೆ ಅವತ್ತಿನ ಅನ್ನಕ್ಕೆ ಏನು ಮಾಡಬೇಕು? ಅಥೆನ್ಸಿನ ನಾಯಕ ಪೆರಿಕ್ಲೀಸ್ ಅದಕ್ಕೆ ದಿನಭತ್ಯೆ ಕೊಡಿಸಿದ. ಮೊದಲು ದಿನಕ್ಕೆ ಎರಡು ಒಬೊಲ್ (ಅವರ ಚಿಲ್ಲರೆ ನಾಣ್ಯ), ಆಮೇಲೆ ಮೂರು. ಮುಂದೆ ಸಭೆಗೆ ಬರುವವರಿಗೂ ಕೊಡತೊಡಗಿದರು. ಶ್ರೀಮಂತರು ಇದನ್ನು ಬಾಯಿ ತುಂಬ ಬೈದರು, ಜನ ಸೋಮಾರಿಗಳಾಗುತ್ತಾರೆ ಅಂತ. ಇದೇ ಜಗಳ ಬ್ರಿಟನ್ನಿನಲ್ಲಿ ಮತ್ತೆ ನಡೆಯಿತು. 1838ರಲ್ಲಿ ಅಲ್ಲಿನ ಕಾರ್ಮಿಕರು ಸಂಸದರಿಗೆ ಸಂಬಳ ಕೊಡಿ ಅಂತ ಕೇಳಿದರು, ಅದು ಸಿಕ್ಕಿದ್ದು 1911ರಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ಆಸ್ತಿ ಇಲ್ಲದವನು, ಬೇರೆ ಯಾರಾದರೂ ಸಾಕದಿದ್ದರೆ, ಪಾರ್ಲಿಮೆಂಟಿನಲ್ಲಿ ಕೂರುವುದು ಆಗದ ಮಾತಾಗಿತ್ತು.

ಹಾಗಾದರೆ ಅಥೆನ್ಸಿನಲ್ಲಿ ಚುನಾವಣೆಯೇ ಇರಲಿಲ್ವಾ? ಇತ್ತು. ಸೇನಾಧಿಪತಿಗಳನ್ನು, ಹಣಕಾಸಿನ ಕೆಲವು ಅಧಿಕಾರಿಗಳನ್ನು ವೋಟು ಹಾಕಿ ಆರಿಸುತ್ತಿದ್ದರು. ಯುದ್ಧ ನಡೆಸಲು ಅನುಭವ ಬೇಕು, ಚೀಟಿ ಎತ್ತಿದರೆ ಆಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಪೆರಿಕ್ಲೀಸ್ ವರ್ಷ ವರ್ಷ ಗೆದ್ದು ಬಂದದ್ದು ಇದೇ ಹುದ್ದೆಗೆ. ಆದರೆ ಚುನಾವಣೆಯನ್ನು ಅವರು ಪ್ರಜಾಪ್ರಭುತ್ವದ ಗುರುತು ಅಂತ ಯಾವತ್ತೂ ಎಣಿಸಲಿಲ್ಲ. ಅರಿಸ್ಟಾಟಲ್ ನೇರವಾಗಿ ಬರೆದಿದ್ದಾನೆ: ಹುದ್ದೆಗಳನ್ನು ಚೀಟಿ ಎತ್ತಿ ತುಂಬುವುದು ಪ್ರಜಾಪ್ರಭುತ್ವದ ರೀತಿ, ಚುನಾವಣೆಯಲ್ಲಿ ಆರಿಸುವುದು ಕೆಲವರೇ ಆಳುವ ವ್ಯವಸ್ಥೆಯ ರೀತಿ. ಕಾರಣ ಸರಳ. ವೋಟು ಹಾಕುವಾಗ ಜನ ಹೆಸರು ಕೇಳಿದವರನ್ನು, ಚೆನ್ನಾಗಿ ಮಾತಾಡುವವರನ್ನು, ದುಡ್ಡಿರುವವರನ್ನು, ದೊಡ್ಡ ಮನೆತನದವರನ್ನು ನೋಡಿಯೇ ಹಾಕುತ್ತಾರೆ. ಚೀಟಿಗೆ ಇದ್ಯಾವುದೂ ಕಾಣುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುವುದೇ ಪ್ರಜಾಪ್ರಭುತ್ವ ಅಂತ ಬೆಳೆದವನು ನಾನು.

ಚೀಟಿಯಲ್ಲಿ ಯಾರೋ ಅಯೋಗ್ಯ ಬಂದುಬಿಟ್ಟರೆ? ಅದಕ್ಕೇ ಅವರು ಹಿಂದೆ ಮುಂದೆ ಎರಡು ಕಾವಲು ಇಟ್ಟಿದ್ದರು. ಹುದ್ದೆಗೆ ಕೂರುವ ಮೊದಲು ವಿಚಾರಣೆ. ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ? ತೆರಿಗೆ ಕಟ್ಟಿದ್ದೀಯಾ? ಹಿರಿಯರ ಸಮಾಧಿ ಎಲ್ಲಿದೆ? ಯುದ್ಧಕ್ಕೆ ಹೋಗಿದ್ದೀಯಾ? ಇಂಥ ಪ್ರಶ್ನೆಗಳು. ಹುದ್ದೆ ಮುಗಿದ ಮೇಲೆ ಲೆಕ್ಕ ತಪಾಸಣೆ, ಅದರ ಹೆಸರು ಯೂಥಿನಾ. ಕೈಗೆ ಬಂದ ಸರ್ಕಾರಿ ದುಡ್ಡಿನ ಲೆಕ್ಕ ಕೊಡಬೇಕು, ಯಾವ ನಾಗರಿಕ ಬೇಕಾದರೂ ದೂರು ಕೊಡಬಹುದು. ಲೆಕ್ಕ ಚುಕ್ತಾ ಆಗುವವರೆಗೆ ಅವನು ದೇಶ ಬಿಟ್ಟು ಹೋಗುವ ಹಾಗಿಲ್ಲ. ತನ್ನ ಆಸ್ತಿಯನ್ನು ದೇವರಿಗೆ ಅರ್ಪಿಸುವ ಹಾಗೂ ಇಲ್ಲ, ಯಾಕೆಂದರೆ ದೇವರ ಹೆಸರಿಗೆ ಹೋದದ್ದನ್ನು ಮತ್ತೆ ವಸೂಲಿ ಮಾಡಲು ಆಗುವುದಿಲ್ಲ. ಅಧಿಕಾರಕ್ಕೆ ಬರುವಾಗ ಆಸ್ತಿ ಘೋಷಣೆ ಮಾಡುವುದು ಈಗ ನಮ್ಮಲ್ಲೂ ಇದೆ. ಇಳಿಯುವಾಗ ಪ್ರತಿಯೊಬ್ಬರನ್ನೂ ಊರ ಮುಂದೆ ನಿಲ್ಲಿಸಿ ಲೆಕ್ಕ ಕೇಳುವ ಪದ್ಧತಿ ಇಲ್ಲ. ಅಥೆನ್ಸಿನಿಂದ ಏನಾದರೂ ಒಂದನ್ನು ವಾಪಸ್ ತರಬಹುದು ಅಂದರೆ ನಾನು ಇದನ್ನೇ ಕೇಳುತ್ತೇನೆ.

ಇನ್ನೊಂದು ಪದ್ಧತಿ ಗಡಿಪಾರಿನದು. ಯಾವನೋ ಒಬ್ಬ ನಾಯಕ ಅತಿಯಾಗಿ ಬೆಳೆಯುತ್ತಿದ್ದಾನೆ ಅನ್ನಿಸಿದರೆ ಜನ ಮಡಕೆ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕಬಹುದಿತ್ತು. ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡೋಕೆ ಬೋಕಿ ಹುಡುಕುತ್ತಿದ್ದೆವಲ್ಲ, ಅಂಥದ್ದೇ ಚೂರು. 6000 ಚೂರು ಸೇರಿದರೆ ಒಬ್ಬ ಹತ್ತು ವರ್ಷ ಊರು ಬಿಡಬೇಕು. ಆಸ್ತಿ ಹೋಗುವುದಿಲ್ಲ, ಶಿಕ್ಷೆಯೂ ಅಲ್ಲ, ದೂರ ಇರಬೇಕು ಅಷ್ಟೇ. ಇದರಲ್ಲೂ ಮೋಸ ನಡೆದಿತ್ತು. ಅಕ್ರೊಪೊಲಿಸ್ ಗುಡ್ಡದ ಪಕ್ಕದ ಒಂದು ಬಾವಿಯಲ್ಲಿ ಥೆಮಿಸ್ಟೊಕ್ಲೀಸ್ ಅನ್ನುವ ನಾಯಕನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕವು. ಬರಹ ನೋಡಿದರೆ ಬರೆದವರು ಹದಿನಾಲ್ಕೇ ಜನ. ಮೊದಲೇ ಬರೆದಿಟ್ಟು ಹಂಚಲು ತಯಾರು ಮಾಡಿದ್ದು ಅನ್ನುವುದು ಸ್ಪಷ್ಟ.

ಅಥೆನ್ಸನ್ನು ಹೊಗಳುವಾಗ ಎರಡು ಮಾತು ಮರೆಯಬಾರದು. ಒಂದು, ಆ ಸಭೆಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ, ಗುಲಾಮರಿಗೆ ಇರಲಿಲ್ಲ, ತಲೆಮಾರುಗಳಿಂದ ಅಲ್ಲೇ ದುಡಿದು ತೆರಿಗೆ ಕಟ್ಟುತ್ತಿದ್ದ ಹೊರಗಿನವರಿಗೂ ಇರಲಿಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸನೇ ಕಾನೂನು ತಂದ: ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ನಾಗರಿಕ. ಗಂಡಸರು ಗುಡ್ಡ ಹತ್ತಿ ದಿನಗಟ್ಟಲೆ ಚರ್ಚೆ ಮಾಡುತ್ತಿದ್ದಾಗ ಗಣಿಯಲ್ಲಿ ಬೆಳ್ಳಿ ಅಗೆಯುತ್ತಿದ್ದವರು ಗುಲಾಮರು. ಎರಡನೆಯದು, ಗುಂಪಿನ ಸಿಟ್ಟು. ಕ್ರಿ.ಪೂ. 428ರಲ್ಲಿ ಮಿಟಿಲೀನ್ ಅನ್ನುವ ಊರು ಅಥೆನ್ಸಿನ ವಿರುದ್ಧ ದಂಗೆ ಎದ್ದು, ಮರುವರ್ಷ ಸೋತು ಶರಣಾಯಿತು. ಅಲ್ಲಿನ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿ ಅಂತ ಸಭೆ ವೋಟು ಹಾಕಿ ಹಡಗು ಕಳಿಸಿತು. ರಾತ್ರಿ ಕಳೆದು ಬೆಳಗಾದಾಗ ಜನಕ್ಕೆ ಅಳುಕು ಶುರುವಾಯಿತು. ಮತ್ತೆ ಸಭೆ, ಮತ್ತೆ ವಾದ, ಸ್ವಲ್ಪವೇ ಅಂತರದಲ್ಲಿ ತೀರ್ಮಾನ ಬದಲು. ಎರಡನೇ ಹಡಗು ಹೊರಟಿತು. ಹುಟ್ಟು ಹಾಕುವವರು ವೈನು ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಕೂತಲ್ಲೇ ತಿಂದು, ಸರದಿಯಲ್ಲಿ ಮಲಗಿ, ನಿಲ್ಲಿಸದೆ ಹೋದರು. ಮೊದಲ ಹಡಗು ತಂದ ಆಜ್ಞೆಯನ್ನು ಆಗಷ್ಟೇ ಓದಿ ಮುಗಿಸಿದ್ದರು, ಅಷ್ಟರಲ್ಲಿ ಇವರು ತಲುಪಿದರು. ಊರು ಉಳಿಯಿತು, ದಂಗೆಯ ಮುಂದಾಳುಗಳು ಅಂತ ಹಿಡಿದವರು ಉಳಿಯಲಿಲ್ಲ.

ಇಂಥ ದುಡುಕನ್ನು ತಡೆಯುವುದು ಹೇಗೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದವರೆಲ್ಲ ಮುಂದೆ ನೋಡಿದ್ದು ರೋಮಿನ ಕಡೆಗೆ.

ರೋಮಿನವರು ಕ್ರಿ.ಪೂ. 509ರಲ್ಲಿ ರಾಜನನ್ನು ಓಡಿಸಿದರು ಅಂತ ಅವರ ಸಂಪ್ರದಾಯ ಹೇಳುತ್ತದೆ. ಹೊಸ ವ್ಯವಸ್ಥೆಗೆ ಅವರು ಕೊಟ್ಟ ಹೆಸರು ರೆಸ್ ಪಬ್ಲಿಕಾ, ಅಂದರೆ ಎಲ್ಲರ ಸ್ವತ್ತು. ರಿಪಬ್ಲಿಕ್ ಅನ್ನುವ ಪದ ಅಲ್ಲಿಂದಲೇ ಬಂದದ್ದು. ಅವರಿಗಿದ್ದ ದೊಡ್ಡ ಹೆದರಿಕೆ ಒಂದೇ, ಮತ್ತೆ ಯಾರೂ ರಾಜನಾಗಬಾರದು. ಹಾಗಾಗಿ ಅಧಿಕಾರವನ್ನು ತುಂಡು ತುಂಡು ಮಾಡಿ ಒಂದು ತುಂಡು ಇನ್ನೊಂದನ್ನು ಹಿಡಿದಿಡುವ ಹಾಗೆ ಕಟ್ಟಿದರು. ಮೇಲೆ ಇಬ್ಬರು ಕಾನ್ಸಲ್‌ಗಳು, ಒಂದೇ ವರ್ಷದ ಅವಧಿ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ತಡೆಯಬಹುದು. ಪಕ್ಕದಲ್ಲಿ ಸೆನೆಟ್, ಅಂದರೆ ಹಿರಿಯರ ಸಭೆ, ಸುಮಾರು 300 ಜನ, ಬಹುತೇಕ ಜೀವನಪೂರ್ತಿ. ಕಾನೂನಿನ ಪ್ರಕಾರ ಸೆನೆಟ್ ಸಲಹೆ ಮಾತ್ರ ಕೊಡಬೇಕು, ಆದರೆ ಅದರ ಮಾತು ಮೀರುವ ಧೈರ್ಯ ಬಹಳ ಜನಕ್ಕೆ ಇರಲಿಲ್ಲ.

ಬಡವರು ತಮ್ಮ ಪಾಲನ್ನು ಪಡೆದದ್ದು ಮುಷ್ಕರ ಮಾಡಿ. ಕ್ರಿ.ಪೂ. 494ರಲ್ಲಿ ಸಾಲದ ಕಾಟ ತಾಳಲಾರದೆ ಸಾಮಾನ್ಯ ಜನ, ಅಂದರೆ ಪ್ಲೀಬಿಯನ್ನರು, ಊರು ಬಿಟ್ಟು ಹೊರಗಿನ ಗುಡ್ಡದ ಮೇಲೆ ಹೋಗಿ ಕೂತರು. ಸೈನ್ಯದಲ್ಲಿ ಕಾದಾಡುತ್ತಿದ್ದವರೂ ಅವರೇ. ಅವರಿಲ್ಲದೆ ರೋಮ್ ಒಂದು ದಿನ ಉಳಿಯುವ ಹಾಗಿರಲಿಲ್ಲ. ರಾಜಿಯಲ್ಲಿ ಸಿಕ್ಕಿದ್ದು ಟ್ರಿಬ್ಯೂನ್ ಅನ್ನುವ ಹುದ್ದೆ. ಟ್ರಿಬ್ಯೂನನ ಮೇಲೆ ಕೈ ಮಾಡುವುದು ಮಹಾಪರಾಧ. ಅವನ ಮನೆ ಬಾಗಿಲು ಹಗಲು ರಾತ್ರಿ ತೆರೆದೇ ಇರಬೇಕು. ಯಾವ ಅಧಿಕಾರಿಯ ಆಜ್ಞೆಯನ್ನಾದರೂ ಅವನು ಒಂದು ಮಾತಿನಿಂದ ನಿಲ್ಲಿಸಬಹುದು. 'ನಾನು ತಡೆಯುತ್ತೇನೆ' ಅನ್ನುವುದಕ್ಕೆ ಅವರ ಭಾಷೆಯ ಪದ ವೀಟೊ. ವಿಶ್ವಸಂಸ್ಥೆಯ ಸುದ್ದಿಯಲ್ಲಿ ವೀಟೊ ಅಂತ ಕೇಳುತ್ತೇವಲ್ಲ, ಅದೇ ಪದ. ಈಗ ಅದು ಬಲಾಢ್ಯ ದೇಶಗಳ ಕೈಯಲ್ಲಿದೆ, ಶುರುವಾದಾಗ ದಿಕ್ಕಿಲ್ಲದವರ ಕೈಯಲ್ಲಿತ್ತು.

ಅದಾಗಿ ಸುಮಾರು ನಾಲ್ಕು ದಶಕಕ್ಕೆ, ಕ್ರಿ.ಪೂ. 451-450ರಲ್ಲಿ, ಕಾನೂನನ್ನು ಹನ್ನೆರಡು ಫಲಕಗಳಲ್ಲಿ ಬರೆಸಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅದಕ್ಕೆ ಮೊದಲು ಕಾನೂನು ಕೆಲವು ಮನೆತನಗಳ ಬಾಯಲ್ಲಿತ್ತು. ಆ ಕಾನೂನುಗಳು ಕಠೋರವಾಗಿದ್ದವು ನಿಜ, ಆದರೆ ಬರೆದಿಟ್ಟ ಮೇಲೆ ನಾಳೆ ಬೇರೆ ಥರ ಹೇಳುವುದು ಕಷ್ಟ.

ಚುನಾವಣೆ ಅನ್ನುವುದರ ರೂಪ, ವಾಸನೆ, ರೋಗ ಎಲ್ಲ ನಮಗೆ ಗುರುತು ಸಿಗುವುದು ರೋಮಿನಲ್ಲೇ. ಹುದ್ದೆಗೆ ನಿಂತವನು ಸುಣ್ಣ ಉಜ್ಜಿ ಬೆಳ್ಳಗೆ ಮಾಡಿದ ಬಟ್ಟೆ ಹಾಕಿಕೊಂಡು ಬೀದಿ ಸುತ್ತುತ್ತಿದ್ದ. ಬಿಳುಪಿಗೆ ಅವರ ಪದ ಕ್ಯಾಂಡಿಡಸ್, ಅದರಿಂದ ಕ್ಯಾಂಡಿಡೇಟ್. ಎದುರಿಗೆ ಬರುವವರ ಹೆಸರನ್ನು ಕಿವಿಯಲ್ಲಿ ಉಸುರಲು ಪಕ್ಕದಲ್ಲಿ ಒಬ್ಬ ಗುಲಾಮ ಇರುತ್ತಿದ್ದ. ದುಡ್ಡು ಹಂಚುವುದು, ಊಟ ಹಾಕಿಸುವುದು ನಡೆದೇ ಇತ್ತು, ಅದರ ವಿರುದ್ಧ ಕಾನೂನಿನ ಮೇಲೆ ಕಾನೂನು ಬಂದವು. ಪಾಂಪೆ ಊರು ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಮುಚ್ಚಿಹೋಯಿತಲ್ಲ, ಅಲ್ಲಿನ ಗೋಡೆಗಳ ಮೇಲೆ ಇಂಥವರಿಗೆ ವೋಟು ಕೊಡಿ ಅಂತ ಬಣ್ಣದಲ್ಲಿ ಬರೆದ ಎರಡು ಸಾವಿರಕ್ಕೂ ಜಾಸ್ತಿ ಬರಹಗಳು ಸಿಕ್ಕಿವೆ. ವೋಟಿನ ಹಕ್ಕೇ ಇಲ್ಲದ ಹೆಂಗಸರ ಹೆಸರಿನಲ್ಲೂ ಅಂಥ ಬರಹಗಳಿವೆ.

ಆದರೆ ರೋಮಿನ ವೋಟು ಎಲ್ಲರದೂ ಒಂದೇ ತೂಕದ್ದಲ್ಲ. ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ಜನರನ್ನು ಆಸ್ತಿ ನೋಡಿ 193 ಗುಂಪು ಮಾಡಿದ್ದರು. ಒಂದು ಗುಂಪಿಗೆ ಒಂದು ವೋಟು. ಹಳೆಯ ಏರ್ಪಾಡಿನಲ್ಲಿ ಮೇಲಿನ ಶ್ರೀಮಂತರದ್ದೇ 98 ಗುಂಪು. ಅವರು ಮೊದಲು ಹಾಕುತ್ತಿದ್ದರು. ಬಹುಮತಕ್ಕೆ 97 ಸಾಕು. ಅವರೆಲ್ಲ ಒಂದೇ ಕಡೆ ಹಾಕಿದರೆ ಉಳಿದವರ ಸರದಿ ಬರುವ ಮೊದಲೇ ಫಲಿತಾಂಶ ಬಂದಿರುತ್ತಿತ್ತು. ಏನೂ ಆಸ್ತಿ ಇಲ್ಲದವರೆಲ್ಲ, ಅವರು ಎಷ್ಟೇ ಸಾವಿರ ಇದ್ದರೂ, ಒಂದೇ ಗುಂಪು.

ಗುಟ್ಟಾಗಿ ವೋಟು ಹಾಕುವ ಪದ್ಧತಿಗೂ ರೋಮಿನಲ್ಲಿ ದೊಡ್ಡ ಹೋರಾಟ ನಡೆದಿದೆ. ಮೊದಲು ಬಾಯಲ್ಲೇ ಹೇಳಬೇಕಿತ್ತು, ಧಣಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಕ್ರಿ.ಪೂ. 139ರಲ್ಲಿ ಮೇಣದ ಹಲಗೆಯ ಮೇಲೆ ಬರೆದು ಹಾಕುವ ಕಾನೂನು ಬಂತು. ವೋಟು ಹಾಕುವವರು ಒಂದು ಕಿರು ಸೇತುವೆ ಮೇಲೆ ಒಬ್ಬೊಬ್ಬರಾಗಿ ನಡೆದು ಹೋಗಬೇಕಿತ್ತು. ಅಲ್ಲೂ ದೊಡ್ಡವರ ಕಡೆಯವರು ನಿಂತು ಹಲಗೆ ಇಣುಕಿ ನೋಡುತ್ತಿದ್ದರು. ಕ್ರಿ.ಪೂ. 119ರಲ್ಲಿ ಇನ್ನೊಂದು ಕಾನೂನು ತಂದು ಸೇತುವೆಯನ್ನೇ ಕಿರಿದು ಮಾಡಿದರು, ಪಕ್ಕದಲ್ಲಿ ನಿಲ್ಲಲು ಜಾಗ ಇರಬಾರದು ಅಂತ. ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಹೋದಾಗಲೆಲ್ಲ ನನಗೆ ಆ ಸೇತುವೆ ನೆನಪಾಗುತ್ತದೆ.

ಈ ಇಡೀ ಏರ್ಪಾಡನ್ನು ಮೊದಲು ಬಿಡಿಸಿ ಹೇಳಿದವನು ಪಾಲಿಬಿಯಸ್. ಅವನು ಗ್ರೀಕ್ ಇತಿಹಾಸಕಾರ, ಒತ್ತೆಯಾಳಾಗಿ ರೋಮಿಗೆ ಬಂದವನು. ಒಬ್ಬನ ಆಳ್ವಿಕೆ, ಕೆಲವರ ಆಳ್ವಿಕೆ, ಎಲ್ಲರ ಆಳ್ವಿಕೆ, ಪ್ರತಿಯೊಂದೂ ಒಂಟಿಯಾಗಿದ್ದರೆ ಕೊಳೆಯುತ್ತದೆ, ರೋಮಿನಲ್ಲಿ ಕಾನ್ಸಲ್, ಸೆನೆಟ್, ಜನಸಭೆ ಮೂರೂ ಬೆರೆತು ಒಂದನ್ನೊಂದು ಹಿಡಿದಿಟ್ಟಿವೆ, ಅದಕ್ಕೇ ಅದು ಗಟ್ಟಿ ಅಂತ ಅವನ ವಾದ. ಈ ವಿಚಾರ ಸುಮಾರು ಎರಡು ಸಾವಿರ ವರ್ಷ ಪುಸ್ತಕಗಳಲ್ಲಿ ಬದುಕಿ 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಬರೆದ ಅಧಿಕಾರ ವಿಭಜನೆಯ ಸಿದ್ಧಾಂತದ ಹಿಂದೆಯೂ ಇದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ನಾವು ಬಾಯಿಪಾಠ ಮಾಡಿದ್ದು ಅವನ ಕಡೆಯಿಂದ ಬಂದದ್ದು.

ಆಗ ಡೆಮಾಕ್ರಸಿ ಅನ್ನುವುದು ಒಳ್ಳೆಯ ಮಾತಾಗಿರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಸಾಕ್ರೆಟಿಸನಿಗೆ ಕ್ರಿ.ಪೂ. 399ರಲ್ಲಿ ವಿಷ ಕುಡಿಸಿದ್ದು ಚೀಟಿಯಲ್ಲಿ ಬಂದ ಸುಮಾರು 500 ಜನರ ತೀರ್ಪು. ಅವನ ಶಿಷ್ಯ ಪ್ಲೇಟೊ ಆ ವ್ಯವಸ್ಥೆಯನ್ನು ಕ್ಷಮಿಸಲಿಲ್ಲ. ಮುಂದೆ ಯುರೋಪಿನಲ್ಲಿ ಓದಿದವರೆಲ್ಲ ಅಥೆನ್ಸನ್ನು ನೋಡಿದ್ದು ಬಹುಪಾಲು ಅವನ ಕಣ್ಣಿನಿಂದ. ಅಮೆರಿಕದ ಸಂವಿಧಾನ ಬರೆದವರೂ ಅಷ್ಟೇ. 1787-88ರಲ್ಲಿ ಆ ಸಂವಿಧಾನದ ಪರವಾಗಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ಸೇರಿ 85 ಲೇಖನ ಬರೆದಾಗ ಇಟ್ಟುಕೊಂಡ ಹೆಸರು ಪಬ್ಲಿಯಸ್, ರೋಮಿನ ಗಣರಾಜ್ಯ ಕಟ್ಟಿದವರಲ್ಲಿ ಒಬ್ಬನ ಹೆಸರು. ಅಥೆನ್ಸಿನ ಪ್ರತಿಯೊಬ್ಬ ನಾಗರಿಕನೂ ಸಾಕ್ರೆಟಿಸನೇ ಆಗಿದ್ದರೂ ಆ ಸಭೆ ದೊಂಬಿಯೇ ಆಗಿರುತ್ತಿತ್ತು ಅಂತ ಅದರಲ್ಲಿ ಬರೆದಿದ್ದಾರೆ. ಅವರು ಕಟ್ಟಿದ ಮೇಲ್ಮನೆಗೆ ಸೆನೆಟ್ ಅಂತಲೇ ಹೆಸರು. ಅದರ ಸದಸ್ಯರಿಗೆ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಬದಲು. ನಮ್ಮ ರಾಜ್ಯಸಭೆಯ ಲೆಕ್ಕವೂ ಅದೇ.

ಅಥೆನ್ಸಿಗೆ ಮರ್ಯಾದೆ ತಂದುಕೊಟ್ಟದ್ದು 19ನೇ ಶತಮಾನ. ಅದರಲ್ಲಿ ಜಾರ್ಜ್ ಗ್ರೋಟ್ ಅನ್ನುವ ಇಂಗ್ಲೆಂಡಿನ ಬ್ಯಾಂಕರ್ ಪಾತ್ರ ದೊಡ್ಡದು. 1846ರಿಂದ ಹತ್ತು ವರ್ಷ ಕೂತು ಗ್ರೀಸಿನ ಇತಿಹಾಸವನ್ನು ಸಂಪುಟಗಳಲ್ಲಿ ಬರೆದು, ಅಥೆನ್ಸಿನ ಜನ ದೊಂಬಿ ಅಲ್ಲ, ತಮ್ಮ ರಾಜ್ಯವನ್ನು ತಾವೇ ನಡೆಸಿದವರು ಅಂತ ವಾದಿಸಿದ. ಅದಕ್ಕೂ ಮೊದಲು ಸಂಸದನಾಗಿದ್ದಾಗ ಅವನು ಗುಪ್ತ ಮತದಾನ ಬೇಕು ಅಂತ ಮತ್ತೆ ಮತ್ತೆ ನಿರ್ಣಯ ತಂದು ಸೋತಿದ್ದ. ಬ್ರಿಟನ್ನಿಗೆ ಗುಪ್ತ ಮತದಾನ ಬಂದದ್ದು 1872ರಲ್ಲಿ. ರೋಮಿನವರು ಮಾಡಿ 2000 ವರ್ಷ ಕಳೆದ ಮೇಲೆ.

ಅದೇ ಶತಮಾನದಲ್ಲಿ ಬ್ರಿಟಿಷರು ಹೋದ ಕಡೆಯಲ್ಲೆಲ್ಲ ಗ್ರೀಕ್ ಕಂಬಗಳೂ ಹೋದವು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪಗೆ ನಿಂತಿರುವ ಅಠಾರಾ ಕಚೇರಿ, ಈಗಿನ ಹೈಕೋರ್ಟ್, ಆ ಶೈಲಿಯದೇ. ಕಂಬ ನೋಡಿ ಅಂದುಕೊಳ್ಳುವಷ್ಟು ಸುಲಭವಾಗಿ ಒಳಗಿನ ಸಂಬಂಧ ಹೇಳಲು ಆಗುವುದಿಲ್ಲ. ಪ್ರತಿನಿಧಿಯನ್ನು ಕಳಿಸಿ ಅವನ ಮೂಲಕ ಆಳುವ ವಿಚಾರ ಅಥೆನ್ಸಿನದೂ ಅಲ್ಲ, ರೋಮಿನದೂ ಅಲ್ಲ. ಅದು ಮಧ್ಯಯುಗದ ಇಂಗ್ಲೆಂಡಿನಂಥ ದೇಶಗಳಲ್ಲಿ ರಾಜರು ತೆರಿಗೆಗೆ ಒಪ್ಪಿಗೆ ಬೇಕಾಗಿ ಊರೂರಿನಿಂದ ಜನರನ್ನು ಕರೆಸಿದಾಗ ಬೆಳೆದದ್ದು. ಎಲ್ಲರಿಗೂ ವೋಟು ಅನ್ನುವುದಂತೂ ಗ್ರೀಕರ ಕೊಡುಗೆ ಖಂಡಿತ ಅಲ್ಲ. ಅದು ಗುಲಾಮಗಿರಿಯ ವಿರುದ್ಧ ಹೋರಾಡಿದವರು, ಹೆಂಗಸರು, ಕಾರ್ಮಿಕರು, ನಮ್ಮಲ್ಲಿ ಸ್ವಾತಂತ್ರ್ಯ ಚಳವಳಿ ಮತ್ತು ಅಂಬೇಡ್ಕರ್ ಅಂಥವರು ಸಂಪಾದಿಸಿ ಕೊಟ್ಟದ್ದು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ಭಾರತದಲ್ಲೂ ಒಂದು ಕಾಲದಲ್ಲಿ ಗಣರಾಜ್ಯಗಳಿದ್ದವು, ಬೌದ್ಧ ಭಿಕ್ಷು ಸಂಘಗಳಿಗೆ ನಿರ್ಣಯ, ಕೋರಂ, ಮತ ಎಣಿಕೆಯ ನಿಯಮಗಳು ಗೊತ್ತಿದ್ದವು ಅಂತ ನೆನಪು ಮಾಡಿಕೊಟ್ಟರು.

ರೋಮಿನಿಂದ ಕಲಿಯಬೇಕಾದ ಇನ್ನೊಂದು ಪಾಠ ಅದರ ಸಾವು. ಯುದ್ಧದಂಥ ಆಪತ್ತು ಬಂದರೆ ಅವರು ಒಬ್ಬನಿಗೆ ಪೂರ್ತಿ ಅಧಿಕಾರ ಕೊಡುತ್ತಿದ್ದರು, ಆ ಹುದ್ದೆಯ ಹೆಸರೇ ಡಿಕ್ಟೇಟರ್. ಆದರೆ ಹೆಚ್ಚೆಂದರೆ ಆರು ತಿಂಗಳು. ಕ್ರಿ.ಪೂ. 82ರಲ್ಲಿ ಸುಲ್ಲಾ ಅನ್ನುವ ಸೇನಾಧಿಪತಿ ಅವಧಿಯೇ ಇಲ್ಲದೆ ಡಿಕ್ಟೇಟರ್ ಆದ. ಕ್ರಿ.ಪೂ. 44ರಲ್ಲಿ ಸೀಸರ್ ಜೀವನಪೂರ್ತಿ ಡಿಕ್ಟೇಟರ್ ಅಂತ ಮಾಡಿಸಿಕೊಂಡ, ಅದೇ ವರ್ಷ ಕೊಲೆಯಾದ. ಕ್ರಿ.ಪೂ. 27ರಲ್ಲಿ ಆಗಸ್ಟಸ್ ಬಂದಾಗ ಸೆನೆಟ್ ಇತ್ತು, ಕಾನ್ಸಲ್‌ಗಳಿದ್ದರು, ಹುದ್ದೆಗಳ ಹೆಸರೆಲ್ಲ ಹಾಗೇ ಇದ್ದವು. ಅಧಿಕಾರ ಮಾತ್ರ ಒಬ್ಬನ ಕೈಯಲ್ಲಿತ್ತು. ಗಣರಾಜ್ಯ ಸತ್ತದ್ದು ಯಾವ ದಿನ ಅಂತ ಬೆರಳಿಟ್ಟು ತೋರಿಸಲು ಆಗದ ಹಾಗೆ ಸತ್ತಿತು. ನಮ್ಮಲ್ಲಿ 1975ರ ತುರ್ತು ಪರಿಸ್ಥಿತಿ ಕಂಡ ಮೇಲೆ, 1978ರ 44ನೇ ತಿದ್ದುಪಡಿಯಲ್ಲಿ, ತುರ್ತು ಪರಿಸ್ಥಿತಿ ಮುಂದುವರಿಯಬೇಕಾದರೆ ಆರು ತಿಂಗಳಿಗೊಮ್ಮೆ ಸಂಸತ್ತು ಹೊಸದಾಗಿ ಒಪ್ಪಬೇಕು ಅಂತ ಬರೆದರು. ರೋಮಿನವರು ಇಟ್ಟುಕೊಂಡಿದ್ದ ಗಡುವೂ ಅದೇ ಆರು ತಿಂಗಳು.

ಕೊನೆಗೆ ಮತ್ತೆ ಆ ಕಲ್ಲಿನ ಹಲಗೆಗೆ ಬರೋಣ. ಚೀಟಿ ಎತ್ತುವುದು ಗ್ರೀಕರಿಗೆ ಮಾತ್ರ ಹೊಳೆದ ವಿಚಾರವಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೇ ಪರಾಂತಕನ ಕಾಲದ, ಕ್ರಿ.ಶ. 920ರ ಆಸುಪಾಸಿನ ಶಾಸನಗಳಿವೆ. ಹೆಸರು ಬರೆದ ಓಲೆಗಳನ್ನು ಕೊಡಕ್ಕೆ ಹಾಕಿ ಒಬ್ಬ ಹುಡುಗನ ಕೈಯಲ್ಲಿ ಎತ್ತಿಸಿ ಊರಿನ ಸಮಿತಿಗಳನ್ನು ತುಂಬುವ ವಿಧಾನ ಅದರಲ್ಲಿದೆ. ಭೂಮಿ ಇದ್ದ ಬ್ರಾಹ್ಮಣರ ಸಭೆ ಅದು, ಎಲ್ಲರದಲ್ಲ. ಆದರೂ ಒಂದು ನಿಯಮ ನೋಡಿ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಹಾಕುವ ಹಾಗಿಲ್ಲ, ಅವನ ಹತ್ತಿರದ ನೆಂಟರದ್ದೂ ಹಾಕುವ ಹಾಗಿಲ್ಲ. ಚೀಟಿ, ಲೆಕ್ಕ, ಎರಡೂ ಅಲ್ಲೂ ಜೊತೆಯಾಗಿಯೇ ಇದ್ದವು.

ಐರ್ಲೆಂಡ್ 2016ರಲ್ಲಿ ಇದನ್ನು ಮತ್ತೆ ಮಾಡಿ ನೋಡಿತು. ಗರ್ಭಪಾತದ ಕಾನೂನು ಅಲ್ಲಿ ರಾಜಕಾರಣಿಗಳು ಮುಟ್ಟಲು ಹೆದರುತ್ತಿದ್ದ ವಿಷಯ. ದೇಶದ ಸಾಮಾನ್ಯ ಜನರಲ್ಲಿ 99 ಮಂದಿಯನ್ನು ಯಾದೃಚ್ಛಿಕವಾಗಿ, ಅಂದರೆ ಹೆಚ್ಚು ಕಡಿಮೆ ಚೀಟಿ ಎತ್ತಿದ ಹಾಗೆಯೇ ಆರಿಸಿ, ಒಬ್ಬ ಅಧ್ಯಕ್ಷೆಯ ಜೊತೆ ಕೂರಿಸಿದರು. ಅವರು ತಿಂಗಳುಗಟ್ಟಲೆ ವಾರಾಂತ್ಯಗಳಲ್ಲಿ ಸೇರಿ ವೈದ್ಯರ, ವಕೀಲರ, ಎರಡೂ ಕಡೆಯವರ ಮಾತು ಕೇಳಿ ಶಿಫಾರಸು ಕೊಟ್ಟರು. 2018ರ ಮೇ 25ರಂದು ಇಡೀ ದೇಶ ವೋಟು ಹಾಕಿತು, ಸುಮಾರು 66 ಪರ್ಸೆಂಟ್ ಜನ ಕಾನೂನು ಬದಲಾಗಲಿ ಅಂದರು.

ನಮ್ಮಲ್ಲಿ ಚೀಟಿ ಪೂರ್ತಿ ಸತ್ತಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 65ನೇ ಕಲಮಿನಲ್ಲಿ ಅದು ಉಳಿದುಕೊಂಡಿದೆ: ಇಬ್ಬರಿಗೆ ಸರಿಸಮ ವೋಟು ಬಂದರೆ ಚುನಾವಣಾಧಿಕಾರಿ ಚೀಟಿ ಎತ್ತಿ ತೀರ್ಮಾನಿಸಬೇಕು. ಗ್ರಾಮ ಪಂಚಾಯಿತಿಗೆ ಕಾಯ್ದೆ ಬೇರೆ, ಆದರೆ ಅಲ್ಲಿನ ಎಣಿಕೆಯಲ್ಲೂ ಇದು ಆಗಾಗ ಆಗುತ್ತದೆ. ಎರಡು ಚೀಟಿ ಮಡಚಿ ಡಬ್ಬಿಗೆ ಹಾಕುತ್ತಾರೆ, ಒಂದನ್ನು ಎತ್ತುತ್ತಾರೆ, ಬಂದ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಸೋತವನು ಗೆದ್ದವನ ಕೈ ಕುಲುಕಿ ಮನೆಗೆ ಹೋಗುತ್ತಾನೆ.